ಜಾಗ ದೊಡ್ಡದಾದ್ರ ದಾರಿ ಸಣ್ಣದಾಗ್ತದೇನು?

ಮಳೆ ಹಿಡಿದು ಎರಡು ವಾರ ಆಯಿತೆಂದರೆ ನಮ್ಮ ಭಾಗದ ಮೊಬೈಲ್‌ಗಳಲ್ಲಿ ಎತ್ತಿಪೋತ ಜಲಪಾತ ಶುರುವಾಗುತ್ತದೆ. ಬಂಡೆ ಮೇಲಿಂದ ಬೀಳುವ ನೀರು, ಕೆಳಗೆ ನಿಂತು ಕೈ ಬೀಸುವ ಹುಡುಗರು, ಹಿಂದೆ ಒಂದು ಸಿನಿಮಾ ಹಾಡು. ವಾಟ್ಸ್‌ಆ್ಯಪ್ ಸ್ಟೇಟಸ್ ಪೂರ್ತಿ ಚಿಂಚೋಳಿ ಕಾಡೇ.

ಅದರ ಬೆನ್ನಿಗೇ ಎರಡು ಮಾತು ಕೇಳಿಬರುತ್ತವೆ. ಒಂದು, ವಾಡಿ, ಶಹಾಬಾದ್, ಚಿತ್ತಾಪುರ ಕಡೆಯವರದು: "ಅಷ್ಟು ದೂರ ಹೋದ್ರ ಹೋದಂಗ ಆಗ್ತದೇನ್ರಿ, ಇಲ್ಲಾ ಬರೇ ಪೆಟ್ರೋಲ್ ಸುಟ್ಟಂಗ?" ಇನ್ನೊಂದು, ಅಭಿವೃದ್ಧಿ ಬೇಕು ಅನ್ನುವವರದು: "ಚಂದ್ರಂಪಳ್ಳಿ ಡ್ಯಾಮಿನ ದಂಡಿಗೆ ಅಷ್ಟೇ ಬಿಟ್ರ ಸಾಲಂಗಿಲ್ಲ. ಕಾಡಿನ್ಯಾಗ ಇನ್ನೂ ಜಾಗ ತೆರೀಬೇಕು, ಟೆಂಟ್ ಹೆಚ್ಚಾಗಬೇಕು, ಹಗ್ಗದ ಆಟ ಬರಬೇಕು, ಸಫಾರಿ ಬರಬೇಕು. ಆಗ ಜನ ತಾವೇ ಬರ್ತಾರ."

ಈ ಎರಡು ಮಾತು ಬೇರೆ ಬೇರೆ ಅನಿಸಿದರೂ ಒಂದೇ ಲೆಕ್ಕದವು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ದಾರಿ ಉದ್ದ ಇದ್ದರೂ ಚಿಂಚೋಳಿಗೆ ಹೋಗುವುದು ಸಾರ್ಥಕ. ಆದರೆ ಕಾಡಿನೊಳಗೆ ಜಾಗ ಹಿಗ್ಗಿಸಿದರೆ ಆ ಸಾರ್ಥಕ ಒಂದು ಗುಂಜಿಯಷ್ಟೂ ಹೆಚ್ಚುವುದಿಲ್ಲ. ಹಿಗ್ಗಬೇಕಾದ ಸಂಗತಿ ಬೇರೆ ಇವೆ.

ಮೊದಲು ದಾರಿಯ ಲೆಕ್ಕ

ವಾಡಿಯಿಂದ ಚಿತ್ತಾಪುರ, ಅಲ್ಲಿಂದ ಸೇಡಂ, ಸೇಡಂನಿಂದ ಚಿಂಚೋಳಿ. ಇಲ್ಲಿಗೇ ಸುಮಾರು 80 ಕಿಲೋಮೀಟರ್. ಚಿಂಚೋಳಿ ಮುಟ್ಟಿದರೆ ಕಾಡು ಮುಟ್ಟಿದಂತಲ್ಲ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಕಡೆಗೆ ಮತ್ತೆ 15–20 ಕಿಲೋಮೀಟರ್ ಹೋಗಬೇಕು. ಹೋಗಿ ಬರುವುದು ಸೇರಿದರೆ ಹೆಚ್ಚುಕಡಿಮೆ 200 ಕಿಲೋಮೀಟರ್.

ಬೈಕ್ ಲೀಟರಿಗೆ 50 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ. ನಾಲ್ಕು ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ದಿನಗಳಲ್ಲಿ ನಾನೂರಕ್ಕೂ ಮೇಲೆ. ಬೈಕಿನ ಮೇಲೆ ಇಬ್ಬರು. ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ದುಡಿಯುವ ದಿನ ಬಿಟ್ಟು ಹೋದರೆ ಇಬ್ಬರದೂ ಸೇರಿ 740 ರೂಪಾಯಿ ಹೋಯಿತು. ಚಹಾ, ಮಿರ್ಚಿ ಭಜಿ, ಊಟ ಸೇರಿಸಿದರೆ ಸಾವಿರದ ಮುನ್ನೂರರ ಹತ್ತಿರ ಬಂತು. ಮನೆಮಂದಿ ಎಲ್ಲ ಕೂಡಿ ಕ್ರೂಸರ್ ಮಾಡಿಕೊಂಡು ಹೊರಟರೆ ಡೀಸೆಲ್, ಬಾಡಿಗೆ, ಡ್ರೈವರ್ ಊಟ ಎಲ್ಲ ಸೇರಿ ಲೆಕ್ಕ ಬೇರೆಯೇ ಆಗುತ್ತದೆ.

ದುಡ್ಡಿಗಿಂತ ದೊಡ್ಡ ಲೆಕ್ಕ ಹೊತ್ತಿನದು. ಬೆಳಿಗ್ಗೆ 7ಕ್ಕೆ ವಾಡಿ ಬಿಟ್ಟರೆ, ಸೇಡಂನಲ್ಲಿ ಒಂದು ಚಹಾ ಕುಡಿದು, ಸಿಮೆಂಟ್ ಲಾರಿಗಳ ಹಿಂದೆ ಹಿಂದೆ ಸಾಗಿ, ಚಂದ್ರಂಪಳ್ಳಿ ಮುಟ್ಟುವಾಗ ಹತ್ತೂವರೆ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದರೆ ಮಧ್ಯಾಹ್ನ 3ಕ್ಕೆ ಅಲ್ಲಿಂದ ಏಳಬೇಕು. ನಡುವೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದು, ಗಾಡಿ ನಿಲ್ಲಿಸುವುದು, ಮಕ್ಕಳಿಗೆ ನೀರು ಹುಡುಕುವುದು ತೆಗೆದರೆ ಕಾಡು, ನೀರು ಅಂತ ಕಣ್ತುಂಬ ನೋಡಲು ಸಿಗುವುದು ಮೂರು ತಾಸು. ರಸ್ತೆ ಮೇಲೆ ಆರೇಳು ತಾಸು, ಕಾಡಿನಲ್ಲಿ ಮೂರು ತಾಸು.

ಮೂರು ತಾಸಿನಲ್ಲಿ ಒಬ್ಬ ಮನುಷ್ಯ ಏನು ನೋಡಬಲ್ಲ? ಒಂದು ಜಲಪಾತ, ಜಲಾಶಯದ ಒಂದು ದಂಡೆ, ಒಂದಿಷ್ಟು ನಡಿಗೆ. ಅದಾಗಲೇ ಅಲ್ಲಿದೆ. ನಾಳೆ ಕಾಡಿನೊಳಗೆ ಇನ್ನೂ ಐದು ಜಾಗ ತೆರೆದರೂ ನಮ್ಮ ಮೂರು ತಾಸು ಎಂಟು ತಾಸಾಗುವುದಿಲ್ಲ. ಆ ಐದು ಜಾಗದ ಬೋರ್ಡ್ ನೋಡಿ ವಾಪಸ್ ಬರಬೇಕಷ್ಟೇ.

ಹಿಮದ ನಾಡಿನಲ್ಲೂ ಇದೇ ಪ್ರಶ್ನೆ

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಹಿಮ ಬೀಳುವ ದೇಶಗಳಲ್ಲಿ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಗುಡ್ಡದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟ ಇದೆಯಲ್ಲ, ಸಿನಿಮಾದಲ್ಲಿ ನೋಡಿರುತ್ತೀರಿ. ಅಲ್ಲಿಯ ರೆಸಾರ್ಟ್‌ಗಳ ದೊಡ್ಡ ಜಾಹೀರಾತೇ "ಈ ವರ್ಷ ಇನ್ನಷ್ಟು ಇಳಿಜಾರು ತೆರೆದಿದ್ದೇವೆ" ಎಂಬುದು. ಅಮೆರಿಕದ ಯೂಟಾ ರಾಜ್ಯದ ಡೀರ್ ವ್ಯಾಲಿ ಎಂಬ ರೆಸಾರ್ಟ್ ಎರಡು ಸಾವಿರ ಚಿಲ್ಲರೆ ಎಕರೆಯಿಂದ ಐದು ಸಾವಿರದ ಏಳುನೂರು ಎಕರೆ ದಾಟುವ ಯೋಜನೆ ಹಾಕಿಕೊಂಡು, 2024ರ ಚಳಿಗಾಲದಿಂದ ಹಂತ ಹಂತವಾಗಿ ಹೊಸ ಇಳಿಜಾರು ತೆರೆಯುತ್ತಿದೆ.

ಆದರೆ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಜನರನ್ನು ಕೇಳಿದರೆ ಅವರ ತಲೆನೋವು ಎಕರೆಯದಲ್ಲ. ಅವರ ಊರಿಂದ ಹಿಮದ ಗುಡ್ಡಗಳಿಗೆ ಹೋಗುವ ಐ-70 ಹೆದ್ದಾರಿಯಲ್ಲಿ ಶನಿವಾರ, ಭಾನುವಾರ ಗಾಡಿಗಳು ತಾಸುಗಟ್ಟಲೆ ನಿಂತುಬಿಡುವುದಕ್ಕೆ ಹೆಸರುವಾಸಿ. ಗುಡ್ಡ ಎಷ್ಟು ದೊಡ್ಡದಾದರೂ ಆ ರಸ್ತೆ ಅಷ್ಟೇ. ಜಾರುವವನಿಗೆ ಸಿಗುವುದು ರಸ್ತೆ ಬಿಟ್ಟುಕೊಟ್ಟಷ್ಟು ತಾಸು ಮಾತ್ರ.

ನಮ್ಮ ದೇಶದಲ್ಲೇ ನೋಡಿ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೊಲಾದ ಮೊದಲ ಹಂತ 1998ರಲ್ಲಿ, ಎರಡನೇ ಹಂತ 2005ರಲ್ಲಿ ಬಂತು. ಆ ತೂಗುತೊಟ್ಟಿಲು ಗುಡ್ಡವನ್ನು ದೊಡ್ಡದು ಮಾಡಲಿಲ್ಲ, ಮೇಲೆ ಹತ್ತುವ ಹೊತ್ತನ್ನು ಉಳಿಸಿತು. ಜನಕ್ಕೆ ಬೇಕಾಗಿದ್ದು ಅದೇ. ಇನ್ನೊಂದು ಕಡೆ ಉತ್ತರಾಖಂಡದ ಔಲಿ. ಅಲ್ಲಿಗೆ ಹೋಗುವ ಬಾಗಿಲಿನಂತಿದ್ದ ಜೋಶಿಮಠ ಪಟ್ಟಣ 2023ರ ಜನವರಿಯಲ್ಲಿ ಕುಸಿಯತೊಡಗಿ, ಮನೆ ಮನೆಗೆ ಬಿರುಕು ಬಿದ್ದು, ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಬೇಕಾಯಿತು. ಮೇಲೆ ಆಟದ ಬಯಲು ಎಷ್ಟು ಚೆನ್ನಾಗಿದ್ದರೇನು, ಬಾಗಿಲೇ ಬಿದ್ದರೆ ಮನೆಯೊಳಗೆ ಹೋಗುವುದು ಹೇಗೆ?

ಹಿಮ ನಮಗೆ ದೂರ. ಪಾಠ ದೂರ ಅಲ್ಲ.

ನಮ್ಮ ಹಿಮ ಅಂದರೆ ಮಳೆ

ಎತ್ತಿಪೋತ ಅನ್ನುವುದು ತೆಲುಗು ಮಾತು. ಎತ್ತಿ ಸುರಿಯುವುದು ಎಂದು ಅರ್ಥ. ಗಡಿ ಸೀಮೆಯಲ್ಲವೇ, ಹೆಸರೂ ಎರಡೂ ಕಡೆಯದು. ಆದರೆ ಸುರಿಯಲು ಮೇಲೆ ನೀರು ಇರಬೇಕು. ಮಳೆಗಾಲದ ನಡುವಿನಿಂದ ದಸರೆ ಆಸುಪಾಸಿನವರೆಗೆ ಅದರ ವೈಭವ. ಆಮೇಲೆ ನೀರು ಇಳಿಯುತ್ತ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೋದವರಿಗೆ ಸಿಗುವುದು ಬಿಸಿ ಬಂಡೆ, ಒಣಗಿದ ಎಲೆ, ನೆತ್ತಿ ಸುಡುವ ಬಿಸಿಲು. ಜುಲೈ ವಿಡಿಯೊ ನೋಡಿ ಮಾರ್ಚ್‌ನಲ್ಲಿ ಹೋಗಿ ಬೈದುಕೊಂಡು ಬಂದವರು ಪ್ರತಿ ಊರಲ್ಲೂ ಇದ್ದಾರೆ.

ಇದರಲ್ಲಿ ಇನ್ನೊಂದು ಗಂಟು ಇದೆ. ಜಲಪಾತ ಜೋರಾಗಿರುವ ದಿನವೇ ದಾರಿ ಕೆಡುವ ದಿನ. ಮಳೆ ಹೆಚ್ಚಾದರೆ ಮಳಖೇಡದಲ್ಲಿ ಕಾಗಿಣಾ ಸೇತುವೆ ಮೇಲೆ ಹರಿದು ಕಲಬುರಗಿ–ಸೇಡಂ ರಸ್ತೆ ಬಂದ್ ಆಗುವುದು ನಮಗೆಲ್ಲ ಗೊತ್ತಿರುವ ಸುದ್ದಿ. ನಾವು ಬರೆದು ಬರೆದು ಸವೆದಿರುವ ಸುದ್ದಿಯೂ ಹೌದು. ಅಂದರೆ ನೋಡುವಂಥ ದಿನ ಮೊದಲೇ ಕಡಿಮೆ, ಅದರಲ್ಲಿ ಮುಟ್ಟುವಂಥ ದಿನ ಇನ್ನೂ ಕಡಿಮೆ.

ಕಾಡಿನೊಳಗೆ ಹತ್ತು ಎಕರೆ ಹೆಚ್ಚು ತೆರೆದರೆ ಮಳೆಗಾಲ ಹತ್ತು ದಿನ ಹೆಚ್ಚಾಗುವುದಿಲ್ಲ. ಸೇತುವೆ ಎತ್ತರವಾದರೆ ಮಾತ್ರ ಆ ಮಳೆಗಾಲದ ದಿನಗಳು ನಮ್ಮ ಕೈಗೆ ಸಿಗುತ್ತವೆ. ಅದರಿಂದ ಪ್ರವಾಸಿಗರಿಗಷ್ಟೇ ಅಲ್ಲ, ಹೆರಿಗೆಗೆ ಹೊರಟ ಹೆಣ್ಣುಮಗಳಿಗೂ, ಕಾಲೇಜಿಗೆ ಹೊರಟ ಹುಡುಗನಿಗೂ, ತೊಗರಿ ಮಾರಲು ಹೊರಟ ರೈತನಿಗೂ ಅನುಕೂಲ.

ಕಾಡು ಎಷ್ಟಿದೆ, ಯಾರದಿದೆ

ಚಿಂಚೋಳಿ ವನ್ಯಜೀವಿಧಾಮ ಘೋಷಣೆ ಆದದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ಕೇಳಲು ದೊಡ್ಡದು ಅನಿಸುತ್ತದೆ. ಬಂಡೀಪುರ ಇದರ ಆರು ಪಟ್ಟಿಗೂ ಹೆಚ್ಚಿದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಇದನ್ನು ಕರೆಯುತ್ತಾರೆ. ತೇಗ, ಶ್ರೀಗಂಧ, ರಕ್ತಚಂದನ ಇಲ್ಲಿವೆ. ಔಷಧಿ ಗಿಡಗಳಿವೆ. ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ ಇವೆ. ಚಂದ್ರಂಪಳ್ಳಿಯ ನೀರು, ಗೊಟ್ಟಂಗೊಟ್ಟದ ಮರಗಳು ಎಲ್ಲ ಈ ಕಾಡಿನ ಬಳಗವೇ.

ಸುತ್ತ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಎಲ್ಲಿ ನೋಡಿದರೂ ಸುಣ್ಣದಕಲ್ಲು. ನೆಲ ಅಗೆದರೆ ಪರಸಿ, ಇನ್ನೂ ಅಗೆದರೆ ಸಿಮೆಂಟ್. ಈ ಕಲ್ಲಿನಿಂದ ನಮಗೆ ಕೆಲಸ ಸಿಕ್ಕಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಭಾಗದಲ್ಲಿ "ವಿಸ್ತರಣೆ" ಎಂಬ ಮಾತು ಬಂದಾಗಲೆಲ್ಲ ಹಿಗ್ಗಿದ್ದು ಕಲ್ಲುಗಣಿಯ ಹೊಂಡ. ಇಲ್ಲಿಯ ಎಷ್ಟೋ ಮಕ್ಕಳಿಗೆ ಕಾಡು ಅಂದರೆ ಮೊಬೈಲ್‌ನಲ್ಲಿ ನೋಡಿದ್ದಷ್ಟೇ. ಆ ಮಕ್ಕಳು ಬಸ್ ಹತ್ತಿ ಹೋಗಿ ನೋಡಬಹುದಾದ ನಿಜವಾದ ಕಾಡು ಜಿಲ್ಲೆಯಲ್ಲಿ ಇದೊಂದೇ. ಅದಕ್ಕೇ ದಾರಿ ಉದ್ದವಾದರೂ ಸಾರ್ಥಕ ಅಂದೆವು. ಅದಕ್ಕೇ ಅದನ್ನು ಕೆಡಿಸಬೇಡಿ ಅಂತಲೂ ಅನ್ನುತ್ತೇವೆ.

ವನ್ಯಜೀವಿಧಾಮ ಅಂದಮೇಲೆ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಮೊದಲೇ ಪಡೆಯದೆ ಅದರೊಳಗೆ ವ್ಯಾಪಾರದ ಲಾಡ್ಜ್, ಹೋಟೆಲ್, ಸಫಾರಿ ಪಾರ್ಕ್ ಕಟ್ಟುವಂತಿಲ್ಲ. ಕಾನೂನು ಹಾಗೆ ಇರುವುದಕ್ಕೆ ಕಾರಣ ಇದೆ. ತೋಳ, ಕತ್ತೆಕಿರುಬ ಜನ ಕಂಡರೆ ಸರಿಯುವ ಪ್ರಾಣಿಗಳು. ಒಣಕಾಡಿನಲ್ಲಿ ಬೇಸಿಗೆ ನೀರು ಇರುವುದು ಕೆಲವೇ ಕಡೆ. ಆ ನೀರಿನ ದಂಡೆಗೇ ಟೆಂಟ್, ಲೈಟ್, ಸೌಂಡ್ ಬಾಕ್ಸ್ ಹೋದರೆ ಅವು ರಾತ್ರಿ ಎಲ್ಲಿಗೆ ಹೋಗಬೇಕು? ನಮ್ಮ ಹೊಲಕ್ಕೇ ಬರಬೇಕು.

ತಾಂಡಾದ ಪ್ರಶ್ನೆ

ಕಾಡಿನ ಮಾತಾಡುವಾಗ ಕಾಡಿನ ಜನರನ್ನು ಬಿಟ್ಟು ಮಾತಾಡುವಂತಿಲ್ಲ. ಚಿಂಚೋಳಿ ಕಾಡಿನೊಳಗೆ, ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ವನ್ಯಧಾಮದೊಳಗಿರುವ ಶೇರಿಭಿಕನಳ್ಳಿ ತಾಂಡಾವನ್ನು ಹೊರಗೆ ಸ್ಥಳಾಂತರಿಸುವ ವಿಷಯ ವರ್ಷಗಳಿಂದ ಸುದ್ದಿಯಲ್ಲಿದೆ. ಒಳಗಿದ್ದರೆ ರಸ್ತೆ, ಕರೆಂಟ್, ನೀರಿಗೆ ವನ್ಯಧಾಮದ ಕಾನೂನು ಅಡ್ಡ ಬರುತ್ತದೆ. ಹೊರಗೆ ಬಂದರೆ ಹೊಲ ಹೋಗುತ್ತದೆ. ನಡುವೆ ಸಿಕ್ಕಿಕೊಂಡ ಬದುಕು ಅದು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಇವರಿಗೆ ದಾರಿ ಸಲೀಸಿಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರು "ಇತರೆ ಪಾರಂಪರಿಕ ಅರಣ್ಯವಾಸಿ"ಗಳ ಸಾಲಿಗೆ ಬರುತ್ತಾರೆ. ಆ ಸಾಲಿನವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ಕೊಡಬೇಕು. ತಲೆಮೇಲೆ ಗಂಟು ಹೊತ್ತು ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿ ಬರುವ ಮನೆಗಳಲ್ಲಿ ಮುತ್ತಜ್ಜನ ಕಾಲದ ಕಾಗದ ಎಲ್ಲಿಂದ ಬರಬೇಕು?

ಈಗ ಎರಡೂ ಸುದ್ದಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ, ಪ್ರಾಣಿಗಳಿಗೆ ತೊಂದರೆ ಆಗಬಾರದು ಎಂದು ತಾಂಡಾದವರನ್ನು ಹೊರಗೆ ಕರೆತರುವ ಮಾತು. ಇನ್ನೊಂದು ಕಡೆ, ಅದೇ ಕಾಡಿನಲ್ಲಿ ಪ್ರವಾಸಿಗರಿಗೆ ಇನ್ನಷ್ಟು ಜಾಗ ತೆರೆಯುವ ಬೇಡಿಕೆ. ಹುಟ್ಟಿ ಬೆಳೆದವರಿಂದ ಕಾಡಿಗೆ ತೊಂದರೆ, ಎರಡು ದಿನಕ್ಕೆ ಬಂದವರಿಂದ ತೊಂದರೆ ಇಲ್ಲ ಅನ್ನುವುದಾದರೆ ಅದು ಯಾವ ನ್ಯಾಯ? ತಾಂಡಾದವರಿಗೆ ಮುಚ್ಚಿದ ಬಾಗಿಲು ಟೆಂಟಿನವರಿಗೆ ತೆರೆಯಬಾರದು. ನಮ್ಮ ವಿರೋಧದ ಬೇರು ಇಲ್ಲಿದೆ.

"ನಮ್ಮ ಭಾಗಕ್ಕೆ ಏನೂ ಬೇಡವೇನ್ರಿ?"

ಹೀಗೆ ಬರೆದರೆ ಬೈಯುವವರಿದ್ದಾರೆ. ಅವರ ಮಾತಲ್ಲೂ ಹುರುಳಿದೆ. "ಮಲೆನಾಡಿಗೆ ಹೋಂಸ್ಟೇ ಬೇಕು, ಕೊಡಗಿಗೆ ರೆಸಾರ್ಟ್ ಬೇಕು, ನಮಗೆ ಬಂದ ಕೂಡಲೇ ಪರಿಸರ ನೆನಪಾಗ್ತದ. 371ಜೆ ಬಂದು ಇಷ್ಟು ವರ್ಷ ಆದ್ರೂ ನಾವು ಹಿಂದೇ ಇರಬೇಕಾ?" ಎಂದು ಕೇಳುತ್ತಾರೆ. ಕೆಲಸ ಇಲ್ಲದ ಹುಡುಗರು ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕಲು ನಾವು ತಯಾರಿಲ್ಲ.

ಆದರೆ ಮಲೆನಾಡಿನ ಕಡೆ ಏನಾಯಿತು ಎಂಬುದನ್ನೂ ನೋಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ರಜೆಯ ದಿನ ಒಂದೇ ಸಲ ಚಾರಣಿಗರು ಸಾವಿರಗಟ್ಟಲೆ ನುಗ್ಗಿದರು. ಆ ಫೋಟೊಗಳು ರಾಜ್ಯದ ತುಂಬ ಓಡಾಡಿದವು. ಆಮೇಲೆ ಸರಕಾರವೇ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತರಬೇಕಾಯಿತು. ಅವರು ಮೊದಲು ತೆರೆದು, ಕೆಟ್ಟ ಮೇಲೆ ಮಿತಿ ಹಾಕಿದರು. ನಾವು ಹಿಂದೆ ಉಳಿದಿದ್ದರಲ್ಲಿ ಇದೊಂದು ಲಾಭ ಇದೆ. ಮೊದಲೇ ಮಿತಿ ಹಾಕಿಕೊಂಡು ತೆರೆಯಬಹುದು.

ಇನ್ನೊಂದು ಪ್ರಶ್ನೆ, ಒಳಗೆ ಜಾಗ ಹಿಗ್ಗಿದರೆ ಲಾಭ ಯಾರಿಗೆ? ಮೂರು ತಾಸಿಗೆ ಬಂದು ಹೋಗುವ ವಾಡಿ, ಶಹಾಬಾದ್ ಮಂದಿಗಲ್ಲ. ರಾತ್ರಿ ಉಳಿಯುವವರಿಗೆ. ನೂರೈವತ್ತು ಕಿಲೋಮೀಟರ್ ಆಸುಪಾಸಿನ ಹೈದರಾಬಾದ್‌ನಿಂದ ಕಾರಿನಲ್ಲಿ ಬಂದು ಶನಿವಾರ ತಂಗುವವರಿಗೆ. ಅವರು ಬರಲಿ, ಬೇಡ ಅನ್ನುವುದಿಲ್ಲ. ಅವರ ದುಡ್ಡು ಚಿಂಚೋಳಿ ಪೇಟೆಗೆ ಬರಲಿ. ಆದರೆ ಅವರು ಕಾಡಿನೊಳಗೆ ಬೇಲಿ ಹಾಕಿದ ಜಾಗದಲ್ಲಿ ಉಂಡು, ಮಲಗಿ, ಎದ್ದು ಹೋದರೆ ಪೇಟೆಯ ಖಾನಾವಳಿಗೆ ಬರುವುದೇನು? ಅದೇ ಅವರು ಚಿಂಚೋಳಿಯಲ್ಲಿ ತಂಗಿ, ಬೆಳಿಗ್ಗೆ ತಾಂಡಾದ ಹುಡುಗನ ಜೊತೆ ಕಾಡು ನೋಡಿ, ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು ಹೋದರೆ ಹತ್ತು ಮನೆ ಒಲೆ ಉರಿಯುತ್ತದೆ.

ಹಿಗ್ಗಬೇಕಾದದ್ದು ಇವು

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅರಣ್ಯ ಇಲಾಖೆ ಇದೆ, ಪ್ರವಾಸೋದ್ಯಮ ಇಲಾಖೆ ಇದೆ. ಖರ್ಚು ಮಾಡುವುದಾದರೆ ಮೊದಲು ಇಲ್ಲಿ ಮಾಡಲಿ.

ಒಂದು, ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅವ್ವ, ಅಕ್ಕ, ತಂಗಿ ಕೂಡಿ ದುಡ್ಡಿಲ್ಲದೆ ಚಿಂಚೋಳಿವರೆಗೆ ಹೋಗಬಹುದು. ಕೊನೆಯ 15–20 ಕಿಲೋಮೀಟರಿಗೆ ಟಂಟಂನವರ ಹತ್ತಿರ ಚೌಕಾಸಿ ಮಾಡಬೇಕು. ಮಳೆಗಾಲದ ನಾಲ್ಕು ತಿಂಗಳು ಶನಿವಾರ, ಭಾನುವಾರ ಚಿಂಚೋಳಿ ಬಸ್ ನಿಲ್ದಾಣದಿಂದ ಚಂದ್ರಂಪಳ್ಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಬಸ್ ಬಿಡಲಿ. ಒಂದು ಬಸ್ ಐವತ್ತು ಜನರಿಗೆ ಕಾಡು ತೆರೆದಂತೆ. ಒಂದು ಗಿಡ ಕಡಿಯಬೇಕಿಲ್ಲ.

ಎರಡು, ರೈಲು ಮತ್ತು ಬಸ್ಸಿನ ಹೊಂದಾಣಿಕೆ. ವಾಡಿ–ಸಿಕಂದರಾಬಾದ್ ಮಾರ್ಗ ನಿಜಾಮರ ಕಾಲದ್ದು, 1874ರಲ್ಲೇ ಶುರುವಾದದ್ದು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಲ್ಲ ಅದರ ಮೇಲೇ ಇವೆ. ಚಿಂಚೋಳಿ ಪಟ್ಟಣಕ್ಕೆ ಇವತ್ತಿಗೂ ರೈಲಿಲ್ಲ. ಹೊಸ ರೈಲು ಮಾರ್ಗ ಬರುವತನಕ ಕಾಯುವುದು ಬೇಡ. ಬೆಳಗಿನ ರೈಲು ಸೇಡಂಗೆ ಮುಟ್ಟುವ ಹೊತ್ತಿಗೆ ಚಿಂಚೋಳಿ ಬಸ್ ಸೇಡಂ ನಿಲ್ದಾಣದ ಎದುರು ನಿಂತಿರಲಿ. ಅರ್ಧ ದಾರಿ ಹಗುರಾಗುತ್ತದೆ.

ಮೂರು, ಶೌಚಾಲಯ ಮತ್ತು ಕುಡಿಯುವ ನೀರು. ಹೆಣ್ಣುಮಕ್ಕಳು ದೂರದ ಪ್ರಯಾಣಕ್ಕೆ ಹಿಂದೇಟು ಹಾಕುವುದು ಜಲಪಾತ ಸಣ್ಣದು ಅಂತಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವ ಹೆಣ್ಣುಮಕ್ಕಳು ಪ್ರತಿ ಗಾಡಿಯಲ್ಲೂ ಇರುತ್ತಾರೆ. ಚಿಂಚೋಳಿಯಲ್ಲಿ, ಚಂದ್ರಂಪಳ್ಳಿಯಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ ಇದ್ದರೆ ಬರುವ ಕುಟುಂಬಗಳ ಸಂಖ್ಯೆ ತಾನೇ ಹೆಚ್ಚುತ್ತದೆ.

ನಾಲ್ಕು, ಕಾವಲು. ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ, ಮೇಲೆ ಮಳೆಯಾದರೆ ನೀರು ದಿಢೀರ್ ಏರುತ್ತದೆ. ಸೆಲ್ಫಿಗೆ ಅಂಚಿಗೆ ಹೋಗುವವರನ್ನು ತಡೆಯಲು ಮಳೆಗಾಲದಲ್ಲಿ ಹಗ್ಗ, ಸೀಟಿ, ಎರಡು ಜನ ಈಜು ಬಲ್ಲವರು ಬೇಕು. ದಿನಕ್ಕೆ ಎಷ್ಟು ಜನ ಎಂಬ ಮಿತಿಯೂ ಬೇಕು. ಪ್ಲಾಸ್ಟಿಕ್ ಎಣಿಸಿ ಒಳಗೆ ಬಿಟ್ಟು, ಎಣಿಸಿ ಹೊರಗೆ ತರಿಸಬೇಕು.

ಐದು, ತಾಂಡಾದ ಪಾಲು. ಮಾರ್ಗದರ್ಶಿ, ಕಾವಲುಗಾರ, ದೋಣಿ ನಡೆಸುವವರು ಸುತ್ತಲ ತಾಂಡಾ, ಹಳ್ಳಿಗಳವರೇ ಆಗಬೇಕು. ಊಟದ ಗುತ್ತಿಗೆ ಅಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ಸಿಗಬೇಕು. ಟಿಕೆಟ್ ದುಡ್ಡು ಈ ತಿಂಗಳು ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಚಂದ್ರಂಪಳ್ಳಿ ಗೇಟಿನಲ್ಲೇ ಬೋರ್ಡ್ ಮೇಲೆ ಬರೆಯಬೇಕು. ಮುಂಬೈಗೆ ಹೋಗುವ ಗಂಟು ಒಂದೆರಡಾದರೂ ಇಳಿದರೆ ಅದು ನಿಜವಾದ ಪ್ರವಾಸೋದ್ಯಮ.

ಆರು, ದಾರಿಯನ್ನೇ ನೋಡುವ ಜಾಗ ಮಾಡುವುದು. ನಮ್ಮ ದಾರಿ ಖಾಲಿ ದಾರಿಯಲ್ಲ. ಚಿತ್ತಾಪುರದ ಪಕ್ಕ ನಾಗಾವಿ, ಸಾವಿರ ವರ್ಷದ ಹಿಂದೆ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ ಇದ್ದ ಊರು. ಮುಂದೆ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. ಕನ್ನಡಕ್ಕೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಆ ಅರಸನ ಆಸ್ಥಾನದಲ್ಲಿ. ಕಾಗಿಣಾ ದಂಡೆಯ ಆ ಕೋಟೆಯ ಮುಂದೆ ಅರ್ಧ ತಾಸು ನಿಲ್ಲುವಂತೆ ಮಾಡಿದರೆ, ಆರು ತಾಸಿನ ರಸ್ತೆ ಶಿಕ್ಷೆ ಅನಿಸುವುದಿಲ್ಲ. ಸ್ಕೀಯಿಂಗ್ ಊರಿನವರ ಹತ್ತಿರ ಹಿಮ ಇದೆ, ದಾರಿಯಲ್ಲಿ ಮಾನ್ಯಖೇಟ ಇಲ್ಲ.

ಹಾಗಾದ್ರ ಹೋಗಬೇಕಾ, ಬೇಡಾ?

ಹೋಗಿ. ಆದರೆ ವಿಡಿಯೊ ನೋಡಿ ಹೊರಡಬೇಡಿ, ಮಳೆ ನೋಡಿ ಹೊರಡಿ. ಒಳ್ಳೆ ಮಳೆ ಆಗಿ ಎರಡು ದಿನ ಬಿಟ್ಟು ಹೊರಡಿ. ನೀರೂ ಇರುತ್ತದೆ, ಸೇತುವೆಯೂ ತೆರೆದಿರುತ್ತದೆ. ಹೊರಡುವ ಮುಂಚೆ ಸೇಡಂ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ ಕಾಗಿಣಾ ಹೇಗಿದೆ ಕೇಳಿ. ಬಸ್ಸಿನಲ್ಲಿ ಹೋಗುವವರು ಚಿಂಚೋಳಿಯಿಂದ ವಾಪಸ್ ಕೊನೆಯ ಬಸ್ ಎಷ್ಟಕ್ಕೆ ಎಂದು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಬುತ್ತಿ ಕಟ್ಟಿಕೊಳ್ಳಿ, ನೀರು ಒಯ್ಯಿರಿ, ಬಾಟಲಿ ವಾಪಸ್ ತನ್ನಿ. ಬೇಸಿಗೆಯಲ್ಲಿ ಜಲಪಾತಕ್ಕೆಂದು ಹೋಗಬೇಡಿ. ಮೂರು ತಾಸಿನಲ್ಲಿ ಐದು ಜಾಗ ನೋಡಲು ಓಡಬೇಡಿ. ಒಂದೇ ಕಡೆ ಕೂತು ನೋಡಿ. ಹಿರಿಯರು, ಸಣ್ಣ ಮಕ್ಕಳು ಇದ್ದು ಅಷ್ಟು ದೂರ ಆಗದು ಅನ್ನುವವರಿಗೆ ವಾಡಿಯಿಂದ ತಾಸಿನ ದಾರಿಯಲ್ಲಿ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ ಇದೆ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕ ಜಾಗ ಅದು.

ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಪ್ರವಾಸ ಎಂದರೆ ಮೈಸೂರು, ಗೋವಾ ಎಂದೇ ಆಗಬೇಕಿಲ್ಲ. ಗಣಿ ಊರಿನ ಮಕ್ಕಳನ್ನು ಒಂದು ದಿನ ಚಿಂಚೋಳಿ ಕಾಡಿಗೆ ಕರೆದುಕೊಂಡು ಹೋಗಿ. ಕೃಷ್ಣಮೃಗ ಕಾಣದಿದ್ದರೂ ಪರವಾಗಿಲ್ಲ. ಧೂಳಿಲ್ಲದ ಎಲೆ ಮುಟ್ಟಿ ನೋಡಿ ಬರಲಿ.

ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ "ಚಿಂಚೋಳಿ ಕಾಡಿನಲ್ಲಿ ಪ್ರವಾಸಿ ಜಾಗ ವಿಸ್ತರಿಸುತ್ತೇವೆ" ಎಂದರೆ ಚಪ್ಪಾಳೆ ತಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಬಸ್ ಯಾವಾಗ ಬಿಡ್ತೀರಿ? ಕಾಗಿಣಾ ಸೇತುವೆ ಯಾವಾಗ ಎತ್ತರ ಮಾಡ್ತೀರಿ? ತಾಂಡಾದವರಿಗೆ ಪಾಲು ಎಷ್ಟು? ಈ ಮೂರಕ್ಕೆ ಉತ್ತರ ಬಂದರೆ ಕಾಡಿನ ಒಂದು ಎಕರೆಯನ್ನೂ ಮುಟ್ಟದೆ ನಮ್ಮ ದಾರಿ ಸಣ್ಣದಾಗುತ್ತದೆ. ಉತ್ತರ ಬರದಿದ್ದರೆ ವಿಸ್ತರಣೆ ಯಾರಿಗಾಗಿ ಎಂಬುದು ನಿಮಗೇ ತಿಳಿಯುತ್ತದೆ.